ಬೆಳ್ಳಿಯಪ್ಪನಿಗೆ ಒಂದು ಎಲೆ

"ಪಪ್ಪಾ, ಫಾರ್ಮ್ ಹಾಕಿಬಿಟ್ಟೆ. ಆರ್ಮಿ ಆಫೀಸರ್ ಎಗ್ಸಾಮ್," ಎಂದು ನಿಹಾಲ್ ಅನ್ನಕ್ಕೆ ಸಾರು ಕಲಸುತ್ತ ಹೇಳಿದ.

ಕಾವೇರಪ್ಪ ಕಲಸಿದ ತುತ್ತು ತಟ್ಟೆಯಲ್ಲೇ ಉಳಿಯಿತು. ಸೇನೆಯಲ್ಲಿ ಸುಬೇದಾರನಾಗಿ ನಿವೃತ್ತನಾದವನು ಅವನು. ಈಗ ಮಾನೇಸರದ ಒಂದು ಕಾರ್ಖಾನೆಯಲ್ಲಿ ಸೆಕ್ಯುರಿಟಿ ಮೇಲ್ವಿಚಾರಕ. ಮಗ ಸೇನೆಗೆ ಹೋಗಲಿ ಎಂಬ ಆಸೆ ಹೊಟ್ಟೆಯೊಳಗೆ ಎಷ್ಟಿತ್ತೋ, ಅದನ್ನು ಬಾಯಿಗೆ ತರಬಾರದೆಂಬ ಬಿಗುಮಾನವೂ ಅಷ್ಟೇ ಇತ್ತು. ಎದ್ದವನೇ ಎಂಜಲು ಕೈಯನ್ನು ಮೇಲೆತ್ತಿ ಹಿಡಿದು ಎಡಗೈಯಲ್ಲಿ ಕಪಾಟು ತೆರೆದು ಮಿಲಿಟರಿ ಕ್ಯಾಂಟೀನಿನ ರಮ್ ಬಾಟಲಿ ಹೊರತೆಗೆದ.

"ಊಟದ ಮಧ್ಯೆ ಏನ್ರೀ ಇದು?" ಎಂದಳು ಹೆಂಡತಿ ಸರಸು.

"ಸುಮ್ಮನಿರು. ಇವತ್ತಲ್ಲದೆ ಇನ್ಯಾವತ್ತು?"

ದಿಲ್ಲಿಯ ಜನಕಪುರಿಯ ಆ ಎರಡನೇ ಮಹಡಿಯ ಮನೆಯಲ್ಲಿ ಕರೆಂಟು ಹೋಗಿತ್ತು. ಇನ್ವರ್ಟರಿನ ಒಂದೇ ಫ್ಯಾನು ಜುಲೈ ತಿಂಗಳ ಸೆಕೆಗೆ ಸಾಲದೆ ಏದುಸಿರು ಬಿಡುತ್ತಿತ್ತು. ಆದರೂ ಯಾರಿಗೂ ಬೇಸರವಿರಲಿಲ್ಲ. ಅಷ್ಟರಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಉಣ್ಣುತ್ತಿದ್ದ ಬೋಜಮ್ಮ, ಕಾವೇರಪ್ಪನ ತಾಯಿ, ತಟ್ಟೆಯಿಂದ ಕಣ್ಣೆತ್ತದೆ ಅಂದಳು:

"ನನ್ನ ಅಣ್ಣನೂ ಇದೇ ಪ್ರಾಯಕ್ಕೆ ಹೋದದ್ದು."

ಕಾವೇರಪ್ಪ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದವನು ನಿಲ್ಲಿಸಿದ. "ಅವ್ವ, ಅದೆಲ್ಲ ಈಗ ಎಂತಕ್ಕೆ?"

"ಯಾವ ಅಣ್ಣ, ತಾಯಿ?" ಎಂದ ನಿಹಾಲ್. ಕೊಡವರಲ್ಲಿ ಅಜ್ಜಿಯನ್ನು ತಾಯಿ ಎನ್ನುತ್ತಾರೆ. ಪಂಜಾಬಿಯಲ್ಲಿ ತಾಯಿ ಎಂದರೆ ದೊಡ್ಡಪ್ಪನ ಹೆಂಡತಿ; ಕೆಳಗಿನ ಮನೆಯ ಪಂಜಾಬಿ ಹೆಂಗಸು ಇದನ್ನು ಕೇಳಿ, ಬೋಜಮ್ಮ ಈ ಹುಡುಗನ ದೊಡ್ಡಮ್ಮ ಇರಬೇಕೆಂದು ಬಹಳ ವರ್ಷ ನಂಬಿಕೊಂಡಿದ್ದಳು. "ನಿಮಗೆ ತಮ್ಮ ಒಬ್ಬರೇ ತಾನೇ ಇದ್ದದ್ದು?"

"ಅಣ್ಣನೂ ಇದ್ದ. ಬೆಳ್ಳಿಯಪ್ಪ."

"ನಾನು ಹೇಳ್ತೀನಿ ಕೇಳು," ಎಂದ ಕಾವೇರಪ್ಪ. ಹಿಗ್ಗೆಲ್ಲ ಇಳಿದು ಅವನ ದನಿಗೆ ಪೆರೇಡ್ ಮೈದಾನದ ಗಡಸು ಬಂದಿತ್ತು. "ಎರಡನೇ ಮಹಾಯುದ್ಧ. ಬರ್ಮಾ ಗಡಿ. ಆ ಮನುಷ್ಯ ಹೆದರಿ ಹಿಂದಕ್ಕೆ ಓಡುವಾಗ ಗುಂಡು ತಗುಲಿ ಸತ್ತ. ಅಷ್ಟೇ ಕಥೆ. ಅದಕ್ಕೇ ಅವನ ಹೆಸರನ್ನು ಅವ್ವನ ಅಪ್ಪ ಮನೆಯಲ್ಲಿ ಎತ್ತಬಾರದು ಅಂದದ್ದು."

"ನೀನು ನೋಡಿದ್ದೀಯಾ?" ಎಂದಳು ಬೋಜಮ್ಮ.

"ನೀವು ನೋಡಿದ್ದೀರಾ ಅವ್ವ?"

ಬೋಜಮ್ಮ ಮಜ್ಜಿಗೆ ಬಡಿಸಿಕೊಂಡು, ಉಂಡು, ತಟ್ಟೆ ಬದಿಗಿಟ್ಟು ಆಮೇಲೆ ಹೇಳಿದಳು: "ಕಾವೇರ, ನಿನ್ನನ್ನು ನಾನು ಏನೂ ಕೇಳಿದವಳಲ್ಲ. ಈ ಸಲ ಕೈಲ್ ಪೊಳ್ದಿಗೆ ಅವನಿಗೂ ಒಂದು ಎಲೆ ಹಾಕು. ನನಗೆ ಇನ್ನೆಷ್ಟು ಹಬ್ಬ ಉಂಟು?"

ಕೈಲ್ ಪೊಳ್ದ್ ಎಂದರೆ ಕೊಡವರ ಆಯುಧಪೂಜೆ. ಸೆಪ್ಟೆಂಬರ್ ಮೊದಲ ವಾರ ಬರುವ ಹಬ್ಬ. ಕತ್ತಿ ಕೋವಿಗಳನ್ನು ಪೂಜಿಸಿ, ಮನೆಯ ಯಜಮಾನ ಸತ್ತ ಹಿರಿಯರನ್ನು ಹೆಸರು ಹಿಡಿದು ಕರೆದು ಬಾಳೆಲೆಯಲ್ಲಿ ಅವರಿಗೆ ಊಟ ಬಡಿಸುವುದು ಈ ಮನೆಯ ಕ್ರಮ. ಎಲೆ ಹಾಕಿದರೆ ಸತ್ತವನು ನಮ್ಮವನು. ಹಾಕದಿದ್ದರೆ ಅವನು ಯಾರಿಗೂ ಏನೂ ಅಲ್ಲ.

"ಓಡಿಹೋದವನಿಗೆ ನನ್ನ ಮನೆಯಲ್ಲಿ ಎಲೆ ಇಲ್ಲ. ಅದೂ ಆಯುಧಪೂಜೆಯ ದಿನ!" ಎಂದು ಕಾವೇರಪ್ಪ ಬಾಟಲಿಯನ್ನು ತೆಗೆದಲ್ಲೇ ಇಟ್ಟು ಕಪಾಟು ಮುಚ್ಚಿದ. ನಿಹಾಲನ ಸಂತೋಷದ ಸುದ್ದಿ ಅಲ್ಲಿಗೆ ಮುಗಿಯಿತು.

ಮರುದಿನ ಬೆಳಗ್ಗೆ ನೀರು ಬರುವ ಹೊತ್ತಿಗೆ ಎದ್ದು ಸರಸು ಬಕೆಟ್ಟುಗಳನ್ನು ತುಂಬಿಸುತ್ತಿದ್ದಾಗ ಅತ್ತೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಳು. ಮುಖ ಬಾಡಿತ್ತು.

"ಅತ್ತೆ, ಅವರು ಹೇಗಿದ್ದರು?" ಎಂದು ಸರಸು ಕೇಳಿದಳು.

ಅರವತ್ತು ವರ್ಷ ಯಾರೂ ಕೇಳದಿದ್ದ ಪ್ರಶ್ನೆ ಅದು. ಬೋಜಮ್ಮ ಚಾಕು ಕೆಳಗಿಟ್ಟಳು.

"ಉದ್ದಕ್ಕಿದ್ದ. ಹಲ್ಲು ಸ್ವಲ್ಪ ಉಬ್ಬು. ಹಗಲೆಲ್ಲ ನಗುತ್ತಿದ್ದ, ಅದಕ್ಕೇ ಅಪ್ಪನಿಂದ ಬೈಗುಳ. ಶಾಲೆಗೆ ಹೋಗುವಾಗ ಹೊಳೆ ದಾಟಬೇಕಲ್ಲ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತಿದ್ದ. ಅವನು ಸತ್ತಾಗ ನನಗೆ ಹತ್ತು ವರ್ಷ. ಅಳಲಿಕ್ಕೂ ಬಿಡಲಿಲ್ಲ, ಸರಸು. ಅಪ್ಪ ಅಂದರು, ಯಾರಾದರೂ ಅತ್ತರೆ ಮನೆಯಿಂದ ಹೊರಗೆ ಅಂತ."

ಸರಸು ನಲ್ಲಿ ನಿಲ್ಲಿಸಿದಳು. ಇವಳು ಮೈಸೂರಿನ ಸಸ್ಯಾಹಾರಿ ಮನೆಯ ಹುಡುಗಿ. ಎನ್‌ಸಿಸಿ ಕ್ಯಾಂಪಿಗೆ ಬಂದಿದ್ದ ಹವಾಲ್ದಾರ ಕಾವೇರಪ್ಪನನ್ನು ಮೆಚ್ಚಿ, ತವರಿನ ವಿರೋಧ ಕಟ್ಟಿಕೊಂಡು ಮದುವೆಯಾದವಳು. ಇವಳ ಕಾರಣಕ್ಕೇ ಆ ಮನೆಯ ಮಾತು ಕೊಡವ ಭಾಷೆಯಿಂದ ಕನ್ನಡಕ್ಕೆ ತಿರುಗಿದ್ದು. ಮದುವೆಯಾದ ಹೊಸತರಲ್ಲಿ ನೆಂಟರೆಲ್ಲ ಮೂಗು ಮುರಿದಾಗ ಬೋಜಮ್ಮ ಬೇರೆ ಒಲೆ, ಬೇರೆ ಪಾತ್ರೆ ತರಿಸಿಟ್ಟು, "ಇವಳ ಪಾತ್ರೆಗೆ ಮಾಂಸದ ಸೌಟು ಹಾಕಿದವರ ಕೈ ಮುರೀತೇನೆ" ಎಂದು ಎಲ್ಲರೆದುರು ಸಾರಿದ್ದಳು. ಅಂಥ ಅತ್ತೆ ಈಗ ಕೇಳಿದ್ದು ಒಂದೇ ಒಂದು ಬಾಳೆಲೆ.

"ನೀವು ಯೋಚನೆ ಮಾಡಬೇಡಿ ಅತ್ತೆ. ನಾನು ಹುಡುಕ್ತೀನಿ," ಎಂದಳು ಸರಸು.

"ಎಲ್ಲಿ ಹುಡುಕ್ತೀಯ? ಬರ್ಮಾದಲ್ಲಾ?"

"ದಿಲ್ಲಿಯಲ್ಲೇ. ಸರ್ಕಾರ ಎಲ್ಲವನ್ನೂ ಬರೆದಿಟ್ಟಿರುತ್ತೆ. ಇಲ್ಲದಿದ್ದರೆ ಇಷ್ಟು ಆಫೀಸುಗಳು ಯಾಕಿವೆ?"

ಸರಸು ಹತ್ತಿರದ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮಧ್ಯಾಹ್ನಕ್ಕೆ ಬಿಡುವು. ಅಲ್ಲಿಯವರೆಗೆ ಆ ಬಿಡುವಿನಲ್ಲಿ ನಿದ್ದೆ, ಸೀರಿಯಲ್ಲು, ಇಸ್ತ್ರಿ ಇತ್ಯಾದಿ ನಡೆಯುತ್ತಿದ್ದವು. ಈಗ ಅವಳು ಶಾಲೆಯಿಂದಲೇ ನೇರವಾಗಿ ಮೆಟ್ರೋ ಹತ್ತಿದಳು. ಮೊದಲು ಕರ್ನಾಟಕ ಸಂಘದ ಲೈಬ್ರರಿ. ಅಲ್ಲಿ ಕೊಡಗಿನ ಇತಿಹಾಸದ ಪುಸ್ತಕಗಳಿದ್ದವು, ದೊಡ್ಡ ದೊಡ್ಡ ಅಧಿಕಾರಿಗಳ ಹೆಸರಿದ್ದವು, ಸಿಪಾಯಿಗಳ ಹೆಸರಿರಲಿಲ್ಲ. ಅಲ್ಲಿನವರು ಯಾರೋ ದಂಡಿನ ಪ್ರದೇಶದ ಬಳಿ ಯುದ್ಧದ ಪುಸ್ತಕಗಳದ್ದೇ ಒಂದು ಲೈಬ್ರರಿ ಇದೆ ಎಂದರು. ಅಲ್ಲಿಗೆ ಹೋದಳು. ಎರಡನೇ ಮಹಾಯುದ್ಧದಲ್ಲಿ ಸತ್ತು, ಹೆಣವೂ ಸಿಗದ ಸಿಪಾಯಿಗಳ ಹೆಸರುಗಳ ಸಂಪುಟಗಳು ಒಂದು ಕಪಾಟಿನ ತುಂಬ ಇದ್ದವು. ಹೆಸರಿನ ಮುಂದೆ ಅಪ್ಪನ ಹೆಸರು, ಊರು, ಪಲಟಣ, ಸತ್ತ ದಿನ. ಅಷ್ಟೊಂದು ಮಕ್ಕಳು ಸತ್ತಿದ್ದನ್ನು ಒಟ್ಟಿಗೆ ನೋಡಿ ಸರಸುವಿಗೆ ಮೊದಲ ದಿನ ಓದಲಾಗಲಿಲ್ಲ. ಹೊರಗೆ ಬಂದು ಬೇವಿನ ಮರದಡಿ ಕೂತು ಕಣ್ಣೊರೆಸಿಕೊಂಡು ಮತ್ತೆ ಒಳಗೆ ಹೋದಳು.

ಮನೆಯಲ್ಲಿ ತಕರಾರು ಶುರುವಾಯಿತು. ಕಾರ್ಖಾನೆಯ ಬಸ್ಸಿನಿಂದ ಇಳಿದು ಹಸಿದು ಬಂದ ಕಾವೇರಪ್ಪನಿಗೆ ಕುಕ್ಕರ್ ಕೂಗುವ ಸದ್ದೇ ಇಲ್ಲ.

"ಇವತ್ತೂ ಅಡುಗೆ ಆಗಿಲ್ವಾ?"

"ಈಗ ತಾನೇ ಬಂದೆ. ಹತ್ತು ನಿಮಿಷ ಕೊಡಿ."

"ನಿನ್ನೆ ಖಿಚಡಿ, ಮೊನ್ನೆ ಖಿಚಡಿ. ನಾನೇನು ಆಸ್ಪತ್ರೆಯಲ್ಲಿದ್ದೀನಾ?"

"ಆಸ್ಪತ್ರೆಯಲ್ಲಿ ಉಪ್ಪಿನಕಾಯಿ ಕೊಡಲ್ಲ, ಇಲ್ಲಿ ಕೊಡ್ತೀನಿ," ಎಂದಳು ಸರಸು. ನಿಹಾಲ್ ನಕ್ಕುಬಿಟ್ಟು ಅಪ್ಪನ ನೋಟಕ್ಕೆ ಹೆದರಿ ಕೆಮ್ಮಿದ.

ಮರುದಿನದಿಂದ ಸಂಜೆಯ ಅಡುಗೆಯನ್ನು ಬೋಜಮ್ಮ ವಹಿಸಿಕೊಂಡಳು. ಮಂಡಿನೋವಿನ ಮುದುಕಿ, ಸ್ಟೂಲು ಎಳೆದುಕೊಂಡು ಗ್ಯಾಸಿನ ಮುಂದೆ ಕೂತು ಅಕ್ಕಿರೊಟ್ಟಿ ತಟ್ಟಿದಳು. ಕಾವೇರಪ್ಪ, "ನೀವು ಯಾಕೆ ಅವ್ವ?" ಎಂದರೆ, "ತಿನ್ನಲಿಕ್ಕೆ ಗೊತ್ತುಂಟಲ್ಲ, ತಿನ್ನು" ಎಂದು ಇನ್ನೊಂದು ರೊಟ್ಟಿ ಹಾಕಿದಳು. ಅವನು ಅದನ್ನೂ ತಿಂದ.

ಲೈಬ್ರರಿಯಲ್ಲಿ ಸರಸುವಿನ ಹುಡುಕಾಟಕ್ಕೆ ಒಂದು ತೊಡಕು ಬಂತು. ಕೊಡವರಲ್ಲಿ ಮನೆತನದ ಹೆಸರು ಮೊದಲು. ಬೋಜಮ್ಮನ ತವರು ಕೊಂಬಂಡ ಮನೆತನ; ಆದ್ದರಿಂದ ಸರಸು ಕೆ ಅಕ್ಷರದ ಪುಟಗಳನ್ನೆಲ್ಲ ಜಾಲಾಡಿದಳು. ಎರಡು ವಾರ ಹೋಯಿತು, ಇಲ್ಲ. ಒಂದು ಭಾನುವಾರ ಬಟ್ಟೆ ಹಿಂಡಿ ತಂತಿಗೆ ಹಾಕುತ್ತ ಇದನ್ನೇ ಗೊಣಗಿದಾಗ ನಿಹಾಲ್ ಅಂದ: "ಮಮ್ಮೀ, ಮನೆತನ ಎಲ್ಲ ಆ ಅಂಗ್ರೇಜ್ ಲೋಗ್‌ಗೆ ಏನು ಗೊತ್ತು? ಸೀದಾ ಬಿ ನೋಡಿ ನಾ!"

ಸೀದಾ ಬಿ ನೋಡಿದಳು. ಮೂವರು ಬೆಳ್ಳಿಯಪ್ಪಂದಿರಿದ್ದರು. ಮೂರನೆಯವನ ಮುಂದೆ "ಮುದ್ದಯ್ಯನ ಮಗ, ಕೊಡಗು" ಎಂದಿತ್ತು. ಬೋಜಮ್ಮನ ಅಪ್ಪನ ಹೆಸರು ಮುದ್ದಯ್ಯ. ಸರಸು ಆ ಸಾಲಿನ ಮೇಲೆ ಬೆರಳಿಟ್ಟಳು. ಪಕ್ಕದಲ್ಲಿ ಓದುತ್ತಿದ್ದ ಸರ್ದಾರ್ಜಿ ಒಬ್ಬರು, "ಮಿಲ್ ಗಯಾ, ಬೇಟಾ?" ಎಂದರು. ಇವಳು ಸಿಕ್ಕಿತೆಂದು ತಲೆಯಾಡಿಸಿದಳು.

ಅವತ್ತು ಸಂಜೆ ಸರಸು ಗೆದ್ದೆನೆಂದುಕೊಂಡು ಗಂಡನ ಮುಂದೆ ಚಹಾ ಇಟ್ಟಳು.

"ಅತ್ತೆಯ ಅಣ್ಣನ ಹೆಸರು ಸಿಕ್ಕಿದೆ. ಯುದ್ಧದಲ್ಲಿ ಸತ್ತವರ ಸಂಪುಟದಲ್ಲಿ, ಗೌರವವಾಗಿ. ಈಗಲಾದರೂ ಎಲೆ ಹಾಕ್ತೀರಾ?"

ಕಾವೇರಪ್ಪ ಚಹಾ ಮುಟ್ಟಲಿಲ್ಲ. "ಸತ್ತದ್ದು ನಮಗೂ ಗೊತ್ತಿತ್ತಲ್ಲ. ಹೇಗೆ ಸತ್ತ ಅಂತ ಇದೆಯಾ ಅದರಲ್ಲಿ?"

"ಇಲ್ಲ."

"ಮತ್ತೆ? ಮುಂದಕ್ಕೆ ನುಗ್ಗಿದವನ ಹೆಸರೂ ಹಾಕ್ತಾರೆ, ಹಿಂದಕ್ಕೆ ಓಡಿದವನ ಹೆಸರೂ ಹಾಕ್ತಾರೆ. ಸತ್ತ ಮೇಲೆ ಸರ್ಕಾರಕ್ಕೆ ಎಲ್ಲ ಒಂದೇ."

"ನಿಮಗೆ ಅವರು ಹೇಡಿ ಆಗಿದ್ದರೇ ಸಮಾಧಾನ ಅನ್ನಿಸುತ್ತೆ ನೋಡಿ!"

"ಏನಂದೆ?" ಅವನ ದನಿ ಏರಿತು. "ರೆಜಿಮೆಂಟಿನಲ್ಲಿ ಒಬ್ಬೊಬ್ಬರೂ ಅವರ ದೊಡ್ಡಪ್ಪ, ಅವರ ಮಾವ ಹೇಗೆ ಕಾದಾಡಿದರು ಅಂತ ಹೇಳ್ತಾ ಕೂತಾಗ ನಾನು ಎದ್ದು ಹೊರಗೆ ಹೋಗ್ತಿದ್ದೆ. ಗೊತ್ತಾ ನಿನಗೆ? ಒಂದು ಸಲ ಅಲ್ಲ, ಸರ್ವಿಸ್ ಪೂರ್ತಿ. ಈಗ ಮಗ ಹೊರಟಿದ್ದಾನೆ. ಅವನ ತಲೆಗೂ ಇದನ್ನು ಕಟ್ಟಬೇಕಾ? ಇನ್ನೂ ಕೆದಕಿ, ಓಡಿದ್ದು ನಿಜ ಅಂತ ಬರಹದಲ್ಲೇ ಸಿಕ್ಕಿದರೆ ಏನು ಮಾಡ್ತೀಯ? ಅವ್ವನಿಗೆ ಏನು ಹೇಳ್ತೀಯ?"

ಗಂಡನ ಸಿಟ್ಟಿನ ಒಳಗೆ ಹೆದರಿಕೆಯಿದೆ ಎಂದು ಸರಸುವಿಗೆ ಅವತ್ತು ಗೊತ್ತಾಯಿತು. ಗೊತ್ತಾಗಿ ಪಾಪ ಎನ್ನಿಸಿತು. ಆದರೆ ಹುಡುಕುವುದನ್ನು ಬಿಡಲಿಲ್ಲ. ಈ ಹೆಂಗಸಿನ ಗಟ್ಟಿತನವನ್ನು ಮೆಚ್ಚಬೇಕು.

ಇನ್ನು ಉಳಿದದ್ದು ಜನಪಥದ ಸರ್ಕಾರಿ ದಾಖಲೆಗಳ ಭಂಡಾರ. ಪಲಟಣಗಳು ಯುದ್ಧದಲ್ಲಿ ದಿನದಿನವೂ ಬರೆದ ದಿನಚರಿಗಳ ಪ್ರತಿಗಳು ಅಲ್ಲಿ ಸಿಗಬಹುದು ಎಂದು ಲೈಬ್ರರಿಯ ಆ ಸರ್ದಾರ್ಜಿಯೇ ಹೇಳಿದ್ದರು. ಒಳಗೆ ಹೋಗಲು ಪರಿಚಯಪತ್ರ ಬೇಕು. ಶಾಲೆಯ ಪ್ರಿನ್ಸಿಪಾಲರು, "ಸರಸು ಮ್ಯಾಡಮ್, ಪಿಎಚ್‌ಡಿ ಶುರು ಮಾಡಿದಿರಾ?" ಎಂದು ನಕ್ಕು ಸಹಿ ಹಾಕಿಕೊಟ್ಟರು. ಅಲ್ಲಿ ಚೀಟಿ ಬರೆದುಕೊಟ್ಟರೆ ಫೈಲು ಬರಲು ಒಂದು ದಿನ, ಬಂದ ಫೈಲು ಬೇರೆ ಪಲಟಣದ್ದಾದರೆ ಮತ್ತೊಂದು ಚೀಟಿ. ಸುತ್ತ ಕನ್ನಡಕ ಹಾಕಿದ ಪ್ರೊಫೆಸರುಗಳು, ವಿದೇಶಿ ವಿದ್ಯಾರ್ಥಿಗಳು; ಮಧ್ಯೆ ಟಿಫಿನ್ ಡಬ್ಬಿಯ ಚೀಲ ಹಿಡಿದ ಸರಸು. ಮೊದಮೊದಲು ಸಂಕೋಚವಾಯಿತು. ಆಮೇಲೆ ಅವರೂ ತನ್ನ ಹಾಗೆಯೇ ಯಾರದ್ದೋ ಹೆಸರು ಹುಡುಕುತ್ತ ಧೂಳಿಗೆ ಸೀನುತ್ತಿದ್ದಾರೆ ಎಂದು ತಿಳಿದು ಸಂಕೋಚ ಹೋಯಿತು.

ಆಗಸ್ಟ್ ಕೊನೆಯ ಒಂದು ಮಧ್ಯಾಹ್ನ ಆ ಸಾಲುಗಳು ಸಿಕ್ಕವು. ಟೈಪು ಮಾಡಿದ ಮಸುಕು ಅಕ್ಷರ, ಅರ್ಧಂಬರ್ಧ ಇಂಗ್ಲಿಷು. ಅವಳು ಇದ್ದದ್ದು ಇದ್ದ ಹಾಗೆ ಒಂದು ಹಾಳೆಗೆ ಇಳಿಸಿಕೊಂಡಳು. ಬೆಳ್ಳಿಯಪ್ಪನ ಹೆಸರಿನ ಹಿಂದೆ ಎರಡು ಪದಗಳಿದ್ದವು. ಮೊದಲನೆಯದು ಸಿ, ಓ, ವೈ, ಕಾಯ್. ಎರಡನೆಯದು ರನ್ನರ್. ಆಮೇಲೆ, ವಾಪಸಾಗುವಾಗ ಹತನಾದ ಎಂದು.

ರನ್ನರ್ ಎಂದರೆ ಓಡುವವನು. ಕಾಯ್ ಎಂಬುದರ ಅರ್ಥ ಅಂದಾಜಿತ್ತು. ಆದರೂ ಮನೆಗೆ ಬಂದು, ಮೈಸೂರಿನಿಂದ ತಂದಿದ್ದ ಹಳೆಯ ಇಂಗ್ಲಿಷ್ ಕನ್ನಡ ನಿಘಂಟು ತೆಗೆದು ನೋಡಿದಳು. "ನಾಚುವ, ಅಳುಕುವ, ಹಿಂಜರಿಯುವ" ಎಂದಿತ್ತು. ಅಳುಕಿ ಓಡಿದ ಬೆಳ್ಳಿಯಪ್ಪ, ಹಿಂದಿರುಗುವಾಗ ಸತ್ತ. ಸರಸು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಗಂಡ ಹೇಳಿದ್ದೇ ಆಗಿತ್ತು, ಬರಹದಲ್ಲೇ ಸಿಕ್ಕಿತ್ತು.

ನಾಲ್ಕೈದು ದಿನ ಅವಳು ಶಾಲೆ ಮುಗಿಸಿ ಸೀದಾ ಮನೆಗೆ ಬಂದಳು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ನಿಹಾಲ್, "ಮಮ್ಮೀ, ಆರ್ಕೈವ್ಸ್ ಛುಟ್ಟೀನಾ?" ಎಂದು ಕೇಳಿದರೆ ಸಿಡುಕಿದಳು. ಕಾವೇರಪ್ಪ ಹೊತ್ತಿಗೆ ಸರಿಯಾಗಿ ಬಿಸಿ ಚಪಾತಿ ಸಿಕ್ಕಿದರೂ ಹೆಂಡತಿಯ ಮುಖ ನೋಡಿ ಎರಡಕ್ಕೇ ಕೈ ತೊಳೆದ.

ಹಬ್ಬಕ್ಕೆ ಎರಡು ದಿನ ಉಳಿದಿರುವಾಗ, ಸಂಜೆ ಕಡುಬಿಗೆ ಅಕ್ಕಿತರಿ ಜರಡಿ ಹಿಡಿಯುತ್ತಿದ್ದ ಬೋಜಮ್ಮ ಜರಡಿ ಪಕ್ಕಕ್ಕಿಟ್ಟಳು.

"ಸರಸು, ನಿನಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ. ಮುಖದಲ್ಲಿ ಕಾಣ್ತದೆ. ಎಂತ ಸಿಕ್ಕಿತು, ಹೇಳು."

"ಏನೂ ಇಲ್ಲ ಅತ್ತೆ."

"ಹೇಳು ಅಂದೆ."

ಸರಸು ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ಅಳು ಬಂತು, ಬೋಜಮ್ಮ ಅಳಲಿಲ್ಲ.

"ಇದೇ ಮಾತು," ಎಂದಳು ಮುದುಕಿ ಮೆಲ್ಲಗೆ. "ಮಿಲಿಟರಿಯಿಂದ ಕಾಗದ ಬಂದಾಗ ನಮ್ಮ ಮನೆಯಲ್ಲಿ ಇಂಗ್ಲಿಷ್ ಯಾರಿಗೆ ಗೊತ್ತು? ಶಾಲೆಯ ಮೇಷ್ಟ್ರು ಬಂದು ಓದಿದರು. ಅವರೂ ಒಂದು ದಪ್ಪ ಪುಸ್ತಕ ತಂದು ತಿರುವಿ ತಿರುವಿ ನೋಡಿ ಹೇಳಿದರು. ಹಿಂಜರಿದು ಓಡುವವನು, ಹಿಂದೆ ತಿರುಗುವಾಗ ಸತ್ತ ಅಂತ. ಅಪ್ಪ ಆ ಕಾಗದವನ್ನು ಒಲೆಗೆ ಹಾಕಿದರು. ನೀನು ಪಟ್ಟ ಕಷ್ಟ ದಂಡ ಆಯಿತಲ್ಲ ಮಗ. ಇನ್ನು ಬಿಡು. ಎಲೆಯೂ ಬೇಡ, ಎಂತದೂ ಬೇಡ."

ಕಾವೇರಪ್ಪ ಬಾಗಿಲಲ್ಲಿ ನಿಂತಿದ್ದ. ಬಸ್ಸು ಇಳಿದು ಬಂದವನು, ಶೂ ಕೂಡ ಬಿಚ್ಚಿರಲಿಲ್ಲ. ಅವನನ್ನು ಕಂಡು ಸರಸುವಿನ ದುಃಖವೆಲ್ಲ ಸಿಟ್ಟಿಗೆ ತಿರುಗಿತು. ನಿಘಂಟಿನೊಳಗೆ ಮಡಚಿಟ್ಟಿದ್ದ ಹಾಳೆಯನ್ನು ತಂದು ಅವನ ಕೈಗೆ ತುರುಕಿದಳು.

"ತಗೊಳ್ಳಿ. ನೀವೇ ಗೆದ್ದಿರಿ. ಇಷ್ಟ ಬಂದಷ್ಟು ಸಲ ಓದಿಕೊಳ್ಳಿ."

ಅವನು ಓದಿದ. ಓದಿ, ಕಿಟಕಿಯ ಬೆಳಕಿಗೆ ಹೋಗಿ ಮತ್ತೆ ಓದಿದ.

"ಇದು ಹೀಗೇ ಇತ್ತಾ? ಒಂದಕ್ಷರ ಬಿಟ್ಟಿಲ್ಲ ತಾನೇ?"

"ಇದ್ದ ಹಾಗೇ ಬರೆದಿದ್ದೀನಿ. ಅಳುಕುವವ, ಓಡುವವ."

"ಅಳುಕುವವ ಅಲ್ಲ ಕಣೇ!" ಅವನು ಹೆಚ್ಚು ಕಡಿಮೆ ಕೂಗಿದ. "ಸಿ, ಓ, ವೈ ಅಂದರೆ ಸೇನೆಯಲ್ಲಿ ಕಂಪನಿ, ಸಿಪಾಯಿಗಳ ತುಕಡಿ! ಕಂಪನಿ ಅಂತ ಪೂರ್ತಿ ಯಾರೂ ಬರೆಯಲ್ಲ. ನಾನು ಸರ್ವಿಸ್ ಪೂರ್ತಿ ದಿನಾ ಬರೆದಿದ್ದೀನಿ ಇದನ್ನ. ಕಂಪನಿ ರನ್ನರ್. ಇದು ಬೈಗುಳ ಅಲ್ಲ ಸರಸು, ಡ್ಯೂಟಿ."

"ಓಡೋದು ಡ್ಯೂಟಿಯಾ?"

"ಹೌದು! ಕಂಪನಿ ಕಮಾಂಡರ್ ಹೇಳಿದ ಮಾತನ್ನು ಹಿಂದಿನ ಹೆಡ್‌ಕ್ವಾರ್ಟರ್‌ಗೆ ಮುಟ್ಟಿಸೋದು, ಅಲ್ಲಿಂದ ಆರ್ಡರ್ ತರೋದು. ಎಲ್ಲರೂ ಗುಂಡಿಯೊಳಗೆ ತಲೆ ತಗ್ಗಿಸಿ ಕೂತಿದ್ದರೆ ಬಯಲಲ್ಲಿ ಓಡಬೇಕಾದವನು ಅವನೊಬ್ಬನೇ. ಚುರುಕಾದವನನ್ನು, ನಂಬಿಕಸ್ಥನನ್ನು ಆರಿಸಿ ಕೊಡೋ ಕೆಲಸ ಅದು. ಹೆದರುಪುಕ್ಕನನ್ನು ಯಾರಾದರೂ ರನ್ನರ್ ಮಾಡ್ತಾರಾ?"

ಗದ್ದಲಕ್ಕೆ ಒಳಕೋಣೆಯಿಂದ ಬಂದ ನಿಹಾಲ್ ಅಪ್ಪನ ಭುಜದ ಮೇಲಿಂದ ಹಾಳೆಗೆ ಬಗ್ಗಿದ. "ಪಪ್ಪಾ, ಇಲ್ಲಿ ಮೇಲಿನ ಸಾಲು. ಎಮ್, ಎಸ್, ಜಿ. ಮೆಸೇಜ್ ಅಲ್ವಾ? ನಾವು ಎಸ್ಸೆಮ್ಮೆಸ್ ಹಾಗೇ ಬರೀತೀವಿ. ಮೆಸೇಜ್ ರಿಸೀವ್ಡ್ ಅಂತ ಇದೆ."

"ಅಯ್ಯೋ, ನಾನು ಅದು ಯಾವುದೋ ಪಲಟಣದ ಹೆಸರು ಅಂದುಕೊಂಡೆ," ಎಂದಳು ಸರಸು.

"ಅದರ ಹಿಂದೆ ಲೈನ್ ಔಟ್ ಅಂತ ಇದೆ ನೋಡಿ," ಎಂದ ಕಾವೇರಪ್ಪ. "ಫೋನಿನ ತಂತಿ ಕಡಿದಿತ್ತು. ಅದಕ್ಕೇ ಇವರನ್ನು ಕಳಿಸಿದ್ದಾರೆ. ಇವರು ಸುದ್ದಿ ಮುಟ್ಟಿಸಿದ್ದಾರೆ."

ಹಾಳೆ ಹಿಡಿದುಕೊಂಡೇ ಅವನು ಬೋಜಮ್ಮನ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತ. ಯೂನಿಫಾರ್ಮಿನ ಪ್ಯಾಂಟಿಗೆ ಅಕ್ಕಿತರಿ ಮೆತ್ತಿಕೊಂಡಿತು. ಬೋಜಮ್ಮನಿಗೆ ಅವರು ಮೂವರೂ ಒಟ್ಟಿಗೆ ಮಾತಾಡಿದ್ದು ಪೂರ್ತಿ ಹಿಡಿದಿರಲಿಲ್ಲ. ಅವಳು ಮಗನ ಮುಖವನ್ನೇ ನೋಡುತ್ತ ಕೇಳಿದಳು:

"ಹಾಗಾದರೆ ಅವನು ಓಡಿದ್ದು ನಿಜವಾ?"

"ನಿಜ ಅವ್ವ."

"ಎಲ್ಲಿಗೆ ಓಡುತ್ತಿದ್ದ?"

"ಸುದ್ದಿ ಮುಟ್ಟಿಸಿ ಆಗಿತ್ತು. ಅಲ್ಲೇ ಹಿಂದೆ ಉಳಿದುಬಿಟ್ಟಿದ್ದರೆ ಬದುಕುತ್ತಿದ್ದರೋ ಏನೋ. ವಾಪಸ್ಸು ಅಂದರೆ ಮನೆ ಕಡೆಗಲ್ಲ ಅವ್ವ, ತನ್ನ ಕಂಪನಿ ಕಡೆಗೆ. ಗುಂಡು ಬೀಳುತ್ತಿದ್ದ ಕಡೆಗೇ ಓಡುತ್ತಿದ್ದರು."

ಬೋಜಮ್ಮ ಕೇಳಿಸಿಕೊಂಡಳು. ಆಮೇಲೆ ಜೋರಾಗಿ, ಹತ್ತು ವರ್ಷದ ಹುಡುಗಿ ಅಳುವ ಹಾಗೆ ಬಾಯಿ ತೆರೆದು ಅತ್ತಳು. ಈ ಸಲ ಯಾರೂ ಅವಳನ್ನು ತಡೆಯಲಿಲ್ಲ. ಕಾವೇರಪ್ಪ ತಾಯಿಯ ಮಂಡಿಗೆ ಹಣೆಯಿಟ್ಟು, "ನಾನು ಒಂದು ದಿನವೂ ವಿಚಾರಿಸಲಿಲ್ಲ. ಸೇನೆಯ ಮಾತು ಗೊತ್ತಿದ್ದವನು ನಾನೇ, ನಾನೇ ಕೇಳಲಿಲ್ಲ," ಎಂದು ಹೇಳಿದ್ದನ್ನೇ ಹೇಳಿದ. ಸರಸು ಗಂಡನ ಬೆನ್ನ ಮೇಲೆ ಕೈಯಿಟ್ಟಳು. ಅವಳಿಗೆ ಅವನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ತಾನೂ, ಅರವತ್ತು ವರ್ಷದ ಹಿಂದಿನ ಆ ಮೇಷ್ಟ್ರೂ ಓದಿದವರೆಂಬ ಹಮ್ಮಿನಲ್ಲಿ ಒಂದೇ ಗುಂಡಿಗೆ ಬಿದ್ದೆವಲ್ಲ ಎಂದು ಅಳುವಿನ ನಡುವೆಯೇ ಅವಳಿಗೆ ನಗು ಬಂತು.

ಶನಿವಾರ ಮನೆ ತುಂಬ ಕೆಲಸ. ಕಾವೇರಪ್ಪ ಬೆಳಗ್ಗೆಯೇ ಐಎನ್‌ಎ ಮಾರ್ಕೆಟ್ಟಿಗೆ ಹೋಗಿ ಹಂದಿಮಾಂಸವನ್ನೂ ಬಾಳೆಲೆಯ ಕಟ್ಟನ್ನೂ ತಂದ. ದಾರಿಯಲ್ಲೇ ಕೊಡಗಿಗೆ ಫೋನು ಮಾಡಿ, ತಾಯಿಯ ತವರಿನ ಈಗಿನ ಯಜಮಾನನಿಗೆ ವಿಷಯವನ್ನೆಲ್ಲ ಹೇಳಿದ್ದ. "ಅವರೂ ಅಲ್ಲಿ ಎಲೆ ಹಾಕ್ತಾರಂತೆ ಅವ್ವ," ಎಂದು ಚೀಲ ಇಳಿಸಿದ.

ಬೋಜಮ್ಮ ಚೀಲದೊಳಗೆ ಇಣುಕಿ ಮೂಗು ಮುರಿದಳು. "ಬರೀ ಹಂದಿಯಾ?"

"ಮತ್ತೆ? ಕೈಲ್ ಪೊಳ್ದಿಗೆ ಇನ್ನೇನು?"

"ಅಣ್ಣನಿಗೆ ಹಂದಿ ಸೇರುತ್ತಿರಲಿಲ್ಲ. ಕೊಡವನಾಗಿ ಹಂದಿ ತಿನ್ನುವುದಿಲ್ಲವಾ ಅಂತ ಎಲ್ಲರೂ ಗೇಲಿ ಮಾಡುತ್ತಿದ್ದರು. ಅವನಿಗೆ ಕೋಳಿ. ಅದೂ ಕಾಳುಮೆಣಸು ಜಾಸ್ತಿ ಹಾಕಿ."

"ಇದನ್ನು ಈಗ ಹೇಳ್ತೀರಾ ಅವ್ವ?"

"ಇಷ್ಟು ದಿನ ಕೇಳಿದವರು ಯಾರು?"

ಕಾವೇರಪ್ಪ ಮತ್ತೆ ಚಪ್ಪಲಿ ಮೆಟ್ಟಿದ. ಅವತ್ತಿಡೀ ಬೋಜಮ್ಮ ಅಣ್ಣನ ವಿಷಯ ಮಾತಾಡಿದಳು. ಅವನಿಗೆ ಈಜು ಬರುತ್ತಿತ್ತು, ಲೆಕ್ಕ ಬರುತ್ತಿರಲಿಲ್ಲ. ನಾಯಿಗಳೆಂದರೆ ಪ್ರಾಣ. ಒಂದು ಸಲ ಜೇನು ಕೀಳಲು ಹೋಗಿ ಮುಖವೆಲ್ಲ ಊದಿಸಿಕೊಂಡು ಬಂದಿದ್ದ. ನಿಹಾಲ್ ಬೆಳ್ಳುಳ್ಳಿ ಸುಲಿಯುತ್ತ ಕೂತು ಒಂದೊಂದನ್ನೂ ಕೇಳಿದ, "ಫಿರ್, ತಾಯಿ? ಆಮೇಲೆ?" ಎಂದು ಕೆದಕಿದ. ತನ್ನ ಒಲೆಯಲ್ಲಿ ಪಾಯಸಕ್ಕೆ ಇಟ್ಟಿದ್ದ ಹಾಲು ಉಕ್ಕಿದ್ದೂ ಸರಸುವಿಗೆ ತಿಳಿಯಲಿಲ್ಲ.

ಭಾನುವಾರ ಕೊಡವರ ಅಗಲ ಅಲಗಿನ ಒಡಿಕತ್ತಿಗೆ ಹೂವಿಟ್ಟು ಪೂಜೆಯಾಯಿತು. ನಡುಮನೆಯ ಸೋಫಾ ಸರಿಸಿ, ನೆಲ ಒರೆಸಿ, ಕಾವೇರಪ್ಪ ಎಲೆಗಳನ್ನು ಹಾಕಿದ. ಅಜ್ಜನಿಗೆ, ಅಜ್ಜಿಗೆ, ತಂದೆಗೆ. ಆಮೇಲೆ ಅವುಗಳ ಸಾಲಿನಲ್ಲೇ ಇನ್ನೊಂದು ಎಲೆ. ಅದಕ್ಕೆ ಕಡುಬು, ಕೋಳಿ ಸಾರು, ಲೋಟದಲ್ಲಿ ರಮ್ಮು. ಒಬ್ಬೊಬ್ಬರ ಹೆಸರನ್ನೂ ಕರೆದು ಕೈಮುಗಿದ. ಕೊನೆಯ ಎಲೆಯ ಮುಂದೆ ಬಂದು ಕರೆದ:

"ಬೆಳ್ಳಿಯಪ್ಪ ಮಾವ, ಬನ್ನಿ. ಊಟಕ್ಕೆ ಕೂತುಕೊಳ್ಳಿ. ಬಹಳ ತಡ ಮಾಡಿದೆವು, ತಪ್ಪು ತಿಳಿಯಬೇಡಿ."

ಹಿಂದೆ ಕೂತಿದ್ದ ಬೋಜಮ್ಮ ಕಣ್ಣೀರಿನ ನಡುವೆಯೇ ಕಿಸಕ್ಕನೆ ನಕ್ಕಳು.

"ಅವನಿಗೆಂತ ಬನ್ನಿ, ಕೂತುಕೊಳ್ಳಿ! ಇಪ್ಪತ್ತೆರಡರ ಹುಡುಗ ಅವನು. ನಿನಗಿಂತ ಎಷ್ಟು ಸಣ್ಣವ!"

"ಸಣ್ಣವರಾದರೂ ಮಾವ ಮಾವನೇ ಅವ್ವ," ಎಂದ ಕಾವೇರಪ್ಪ.

ಬೋಜಮ್ಮ ಸರಸುವಿನ ಕೈ ಹಿಡಿದು ಎದ್ದು ಬಂದು ಆ ಎಲೆಯ ಮುಂದೆ ಕಷ್ಟಪಟ್ಟು ಕೂತಳು. ಕೋಳಿಯ ಒಂದು ದೊಡ್ಡ ತುಂಡನ್ನು ಕಡುಬಿನ ಹತ್ತಿರಕ್ಕೆ ಸರಿಸಿಟ್ಟಳು.

"ತಿನ್ನು ಅಣ್ಣ," ಎಂದಳು. "ನಿನಗೆ ಅಂತಲೇ ಮಾಡಿಸಿದ್ದು."